ಒಂದೇ ಎಸೆತ, ಸೀದಾ ಬುಟ್ಟಿಗೆ: ಪಿಕ್ನಿಕ್ಕಿಗೊಂದು ಡಿಸ್ಕ್ ಗಾಲ್ಫ್ ‘ಏಸ್’ ಸ್ಪರ್ಧೆ



ಮೆಮೋರಿಯಲ್ ಡೇ ಕಳೆಯಿತೆಂದರೆ ನಮ್ಮ ಕಡೆ ಪಿಕ್ನಿಕ್ಕುಗಳ ಕಾಲ ಶುರುವಾಯಿತೆಂದೇ ಲೆಕ್ಕ. ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರಿರಲಿ, ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟದವರಿರಲಿ, ಪಿಕ್ನಿಕ್ಕೆಂದರೆ ಪಾರ್ಕಿನ ಶೆಲ್ಟರು, ಪುಳಿಯೋಗರೆ, ಮೊಸರನ್ನ, ಗ್ರಿಲ್ಲಿನ ಮೇಲೆ ಸುಟ್ಟ ಜೋಳ. ಊಟದ ವಿಷಯದಲ್ಲಿ ನಮ್ಮವರನ್ನು ಯಾರೂ ಮೀರಿಸಲಾರರು. ಆಟದ ವಿಷಯ ಬಂದಾಗ ಮಾತ್ರ ನಾವು ನಾಲ್ಕು ಹೋಳಾಗಿಬಿಡುತ್ತೇವೆ. ಹತ್ತು ಹನ್ನೆರಡು ಜನ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಇಳಿದರೆ ಸಂಜೆ ಕಾಫಿಯ ತನಕ ಅವರ ಪತ್ತೆಯಿಲ್ಲ. ಪುಟಾಣಿಗಳಿಗೆ ನಿಂಬೆಹಣ್ಣು-ಚಮಚದ ಓಟ. ಹೈಸ್ಕೂಲಿನ ಮಕ್ಕಳು ಮರದಡಿ ಫೋನು ಹಿಡಿದು ಕೂತಿರುತ್ತಾರೆ. ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು ಮಡಚುವ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಾರೆ. ಕಾರು ಓಡಿಸಲು ಬಾರದೆ ವಾರವೆಲ್ಲ ಮನೆಯೊಳಗೇ ಇದ್ದವರು ಅವರು. ಹೊರಗೆ ಬಂದ ಒಂದು ದಿನವೂ ಪ್ರೇಕ್ಷಕರಾಗಿಯೇ ಉಳಿಯಬೇಕೆ?

ಈ ನಾಲ್ಕೂ ಗುಂಪನ್ನು ಒಂದೇ ಆಟಕ್ಕೆ ಇಳಿಸುವ ಉಪಾಯವೊಂದಿದೆ. ಅದೂ ನಮ್ಮ ಹಿತ್ತಲಿನದೇ. ಅದರ ಹೆಸರು ಡಿಸ್ಕ್ ಗಾಲ್ಫಿನ ‘ಏಸ್’ ಸ್ಪರ್ಧೆ.

ಏನಿದು ಡಿಸ್ಕ್ ಗಾಲ್ಫ್?

ಗಾಲ್ಫಿನ ಚೆಂಡು, ಕೋಲು ಬಿಟ್ಟುಬಿಡಿ. ಕೈಯಲ್ಲಿ ಫ್ರಿಸ್ಬಿಯಂಥ ಒಂದು ಪ್ಲಾಸ್ಟಿಕ್ ತಟ್ಟೆ. ನೆಲದ ಗುಳಿಯ ಬದಲು ಕಂಬದ ಮೇಲೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಮದುವೆ ಮನೆಯ ಬಾಸಿಂಗದ ಹಾಗೆ ಇಳಿಬಿದ್ದ ಸರಪಳಿಗಳು. ತಟ್ಟೆ ಸರಪಳಿಗೆ ಬಡಿದರೆ ಅದರ ವೇಗವೆಲ್ಲ ಸರಪಳಿಯಲ್ಲೇ ಅಡಗಿ ಬುಟ್ಟಿಯೊಳಗೆ ಕೂರುತ್ತದೆ. ಎಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿ ತುಂಬಿಸುತ್ತೀರೋ ಅಷ್ಟು ಒಳ್ಳೆಯದು. ಮೊದಲ ಎಸೆತವೇ ಬುಟ್ಟಿಗೆ ಬಿದ್ದರೆ ಅದು ‘ಏಸ್’.

ಈ ಆಟಕ್ಕೆ ರೂಪ ಕೊಟ್ಟವರು ಎಡ್ ಹೆಡ್ರಿಕ್. ವ್ಯಾಮ್-ಓ ಕಂಪನಿಯಲ್ಲಿದ್ದಾಗ ಫ್ರಿಸ್ಬಿಯ ವಿನ್ಯಾಸವನ್ನು ತಿದ್ದಿ ಅದು ನೆಟ್ಟಗೆ ಹಾರುವಂತೆ ಮಾಡಿದವರೂ ಅವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಅವರು ಮೊದಲ ಡಿಸ್ಕ್ ಗಾಲ್ಫ್ ಮೈದಾನ ಮಾಡಿದರು. ಮೊದಮೊದಲು ಬರೀ ಕಂಬಗಳೇ ಗುರಿ. ಕಂಬಕ್ಕೆ ತಗುಲಿತೋ ಇಲ್ಲವೋ ಎಂಬ ಜಗಳ ತಪ್ಪಿಸಲು ಸರಪಳಿ ಬುಟ್ಟಿ ಬಂತು. ವೃತ್ತಿಪರರ ಸಂಘವಾದ ಪಿಡಿಜಿಎ 1976ರಲ್ಲಿ ಹುಟ್ಟಿತು. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕುಗಳನ್ನೇ ಮಾಡಿದರಂತೆ! ಇಂದು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮೈದಾನಗಳಿವೆ, ಹೆಚ್ಚಿನವು ಅಮೆರಿಕದಲ್ಲೇ.

ನಮ್ಮ ಹಿತ್ತಲಿನದು ಎಂದೆನಲ್ಲ, ಅದಕ್ಕೆ ಕಾರಣವಿದೆ. ಡಿಸ್ಕು ತಯಾರಿಸುವ ದೊಡ್ಡ ಕಂಪನಿಗಳಲ್ಲೊಂದಾದ, 1978ರಲ್ಲಿ ಆರಂಭವಾದ ಡಿಸ್ಕ್ರಾಫ್ಟ್ ಇರುವುದು ಮಿಷಿಗನ್ನಿನ ವಿಕ್ಸಮ್‌ನಲ್ಲಿ. ಅಂದರೆ ನಮ್ಮವರು ದಂಡಿಯಾಗಿರುವ ನೋವೈಗೆ ಪಕ್ಕದಲ್ಲೇ. ಅಲ್ಲಿಂದ ಇನ್ನೊಂದಿಷ್ಟು ದೂರ ಹೋದರೆ ಮಿಲ್ಫರ್ಡಿನ ಕೆನ್ಸಿಂಗ್ಟನ್ ಮೆಟ್ರೋಪಾರ್ಕ್. ಚಳಿಗಾಲದಲ್ಲಿ ಮಕ್ಕಳು ಹಿಮದ ಮೇಲೆ ಜಾರುವ ಅಲ್ಲಿನ ಗುಡ್ಡದ ಮೇಲೆಯೇ, ಘಟಾನುಘಟಿಗಳು ಆಡುವ ಟೊಬಾಗನ್ ಮೈದಾನವಿದೆ. ಡೆಕ್ಸ್ಟರಿನ ಹಡ್ಸನ್ ಮಿಲ್ಸ್ ಮೆಟ್ರೋಪಾರ್ಕಿನಲ್ಲೂ ಮೈದಾನವಿದೆ. ಷಿಕಾಗೋ ಕಡೆಯವರಿಗೆ ನೇಪರ್ವಿಲ್ಲಿನ ನಾಕ್ ನೋಲ್ಸ್ ಪಾರ್ಕು, ಲಿಬರ್ಟಿವಿಲ್ಲಿನ ಆಡ್ಲರ್ ಪಾರ್ಕು ಹತ್ತಿರ.

ಏಸ್ ಸ್ಪರ್ಧೆಯ ಮರ್ಮ

ಮಾಮೂಲಿ ಡಿಸ್ಕ್ ಗಾಲ್ಫಿನಲ್ಲಿ ಹದಿನೆಂಟು ಬುಟ್ಟಿಗಳು. ಒಂದೊಂದೂ ಇನ್ನೂರು ಮುನ್ನೂರು ಅಡಿ ದೂರ, ಕೆಲವು ಅದಕ್ಕೂ ಹೆಚ್ಚು. ಹೊಸಬರು ಇಲ್ಲಿ ಬುಟ್ಟಿಗಿಂತ ಹೆಚ್ಚಾಗಿ ಪೊದೆಗಳನ್ನೇ ನೋಡುತ್ತಾರೆ. ಪ್ರತಿ ತಪ್ಪೆಸೆತವೂ ಲೆಕ್ಕಕ್ಕೆ ಸೇರುವುದರಿಂದ ಅಭ್ಯಾಸ ಇದ್ದವನು ಗೆದ್ದೇ ಗೆಲ್ಲುತ್ತಾನೆ.

ಡಿಸ್ಕ್ರಾಫ್ಟಿನವರು ಊರೂರುಗಳಲ್ಲಿ ನಡೆಸಿಕೊಂಡು ಬಂದ ‘ಏಸ್ ರೇಸ್’ ಇದನ್ನು ತಲೆಕೆಳಗು ಮಾಡಿತು. ಅಲ್ಲಿ ಬುಟ್ಟಿಗಳು ಹತ್ತಿರ. ಆಡುವವರೆಲ್ಲರ ಕೈಯಲ್ಲೂ ಒಂದೇ ಬಗೆಯ, ಇನ್ನೂ ಮಾರುಕಟ್ಟೆಗೆ ಬರದ ಹೊಸ ಡಿಸ್ಕು. ಎರಡನೆಯ ಎಸೆತ ಅನ್ನುವುದೇ ಇಲ್ಲ. ಬುಟ್ಟಿಗೆ ಬಿದ್ದರೆ ಏಸ್, ಬುಟ್ಟಿಯ ಲೋಹಕ್ಕೆ ತಗುಲಿ ಹೊರಗೆ ಬಿದ್ದರೆ ‘ಮೆಟಲ್’. ಮಿಕ್ಕಿದ್ದಕ್ಕೆ ಲೆಕ್ಕವೇ ಇಲ್ಲ. ಯಾರಿಗೆ ಏಸ್ ಹೆಚ್ಚೋ ಅವರು ಗೆದ್ದರು. ಸಮ ಆದರೆ ಮೆಟಲ್ ಎಣಿಸಿದರು.

ಇದರ ಸೊಗಸು ಗಮನಿಸಿ. ನಿಮ್ಮ ತಪ್ಪನ್ನು ಯಾರೂ ಬರೆದುಕೊಳ್ಳುವುದಿಲ್ಲ. ಹತ್ತು ಎಸೆತ ಪೊದೆಗೆ ಹೋಗಿ ಹನ್ನೊಂದನೆಯದು ಬುಟ್ಟಿಗೆ ಬಿದ್ದರೆ, ಪೊದೆಯನ್ನು ಎಲ್ಲರೂ ಮರೆತು ಬುಟ್ಟಿಯನ್ನು ನೆನಪಿಡುತ್ತಾರೆ. ಎಲ್ಲರೆದುರು ನಗೆಪಾಟಲಾದೇನು ಅನ್ನುವ ಸಂಕೋಚದಿಂದ ಕುರ್ಚಿ ಬಿಡದವರಿಗೆ ಇದಕ್ಕಿಂತ ಒಳ್ಳೆಯ ಆಟ ಬೇರೆ ಸಿಗಲಾರದು.

ಸ್ವಲ್ಪ ಲೆಕ್ಕಾಚಾರ

ಸಾಫ್ಟ್‌ವೇರಿನವನು ಬರೆದ ಮೇಲೆ ಲೆಕ್ಕ ಇಲ್ಲದಿದ್ದರೆ ಹೇಗೆ? ಆರು ಬುಟ್ಟಿ, ಮೂವತ್ತು ಜನ, ಪ್ರತಿ ಬುಟ್ಟಿಗೆ ತಲಾ ಎರಡು ಎಸೆತ ಎಂದುಕೊಳ್ಳಿ. ಒಟ್ಟು 360 ಎಸೆತ.

ಬುಟ್ಟಿಯನ್ನು ದೂರ ಇಟ್ಟಿರಿ, ಹೊಸಬರಿಗೆ ಎರಡು ಸಾವಿರಕ್ಕೊಂದು ಬೀಳಬಹುದು ಅನ್ನೋಣ. ಆಗ ಇಡೀ ದಿನ ಒಂದೂ ಏಸ್ ಬೀಳದಿರುವ ಸಂಭವ ನೂರಕ್ಕೆ 83ಕ್ಕೂ ಹೆಚ್ಚು. ಸ್ಪರ್ಧೆ ಠುಸ್ ಪಟಾಕಿ! ಹತ್ತಿರ ತಂದು ಐವತ್ತಕ್ಕೊಂದು ಬೀಳುವಂತೆ ಮಾಡಿ. ಸುಮಾರು ಏಳು ಏಸ್ ನಿರೀಕ್ಷಿಸಬಹುದು, ಒಂದೂ ಬೀಳದಿರುವ ಸಂಭವ ಸಾವಿರಕ್ಕೊಂದಕ್ಕಿಂತ ಕಡಿಮೆ. ಇಪ್ಪತ್ತಕ್ಕೊಂದು ಬೀಳುವಷ್ಟು ಹತ್ತಿರವಾದರೆ ಹದಿನೆಂಟು ಏಸ್. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ ಒಂದಾದರೂ ಸಿಗುತ್ತದೆ. ಇನ್ನೂ ಹತ್ತಿರ ತಂದರೆ ಏಸಿಗೆ ಬೆಲೆಯೇ ಉಳಿಯುವುದಿಲ್ಲ. ಹಾಗಾಗಿ ನಮ್ಮ ಹದ ಇಪ್ಪತ್ತಕ್ಕೂ ಐವತ್ತಕ್ಕೂ ನಡುವೆ.

ಹದ ನೋಡುವುದು ಸುಲಭ. ಹಿಂದಿನ ದಿನ ಎಂದೂ ಆಡದ ಮೂವರನ್ನು ಕರೆದು ತಲಾ ಇಪ್ಪತ್ತು ಸಲ ಎಸೆಯಲು ಹೇಳಿ. ಅರವತ್ತರಲ್ಲಿ ಒಂದರಿಂದ ಮೂರು ಬಿದ್ದರೆ ದೂರ ಸರಿ ಇದೆ. ಒಂದೂ ಬೀಳದಿದ್ದರೆ ಐದಡಿ ಮುಂದೆ ಬನ್ನಿ, ಆರಕ್ಕಿಂತ ಹೆಚ್ಚು ಬಿದ್ದರೆ ಐದಡಿ ಹಿಂದೆ ಹೋಗಿ. ಅಂದಾಜಿಗೆ ಮೂವತ್ತು ಅಡಿಯಿಂದ ಆರಂಭಿಸಬಹುದು.

ಏನೇನು ಬೇಕು?

ಬುಟ್ಟಿ: ಮಡಚಿ ಒಯ್ಯುವ ಬುಟ್ಟಿ ಅಂಗಡಿಯಲ್ಲಿ ಸಿಗುತ್ತದೆ, ಸಾಧಾರಣದ್ದು ನೂರು ಡಾಲರಿನ ಆಸುಪಾಸು. ಒಂದೆರಡು ಕೊಂಡು ಉಳಿದದ್ದನ್ನು ಸ್ಥಳೀಯ ಡಿಸ್ಕ್ ಗಾಲ್ಫ್ ಕ್ಲಬ್ಬಿನವರಲ್ಲಿ ಕೇಳಿ ನೋಡಿ. ಅದೂ ಆಗದಿದ್ದರೆ ಸ್ಟೂಲಿನ ಮೇಲೆ ಬಟ್ಟೆ ಹಾಕುವ ಲಾಂಡ್ರಿ ಬುಟ್ಟಿ ಇಟ್ಟು ಕಟ್ಟಿ. ಸರಪಳಿಯ ಝಣಝಣ ಇರುವುದಿಲ್ಲ ಅಷ್ಟೆ.

ಡಿಸ್ಕು: ಅಂಗಡಿಯಲ್ಲಿ ಡ್ರೈವರ್, ಮಿಡ್‌ರೇಂಜ್, ಪಟ್ಟರ್ ಎಂದು ಮೂರು ಬಗೆ. ‘ಡ್ರೈವರ್’ ನೋಡಿ ಮರುಳಾಗಬೇಡಿ. ಅದರ ಅಂಚು ಚೂಪು, ವೇಗವಾಗಿ ಎಸೆಯಬಲ್ಲವರಿಗೆ ಮಾತ್ರ ಮಾತು ಕೇಳುತ್ತದೆ. ನಮಗೆ ಬೇಕಾದ್ದು ಅಂಚು ದುಂಡಗಿರುವ ಪಟ್ಟರ್, ತೂಕ 150 ಗ್ರಾಮಿನ ಆಸುಪಾಸಿನದು. ಸಾದಾ ಪ್ಲಾಸ್ಟಿಕ್ಕಿನದು ಸುಮಾರು 10 ಡಾಲರ್. ತಂಡಕ್ಕೆ ಮೂರರಂತೆ ಹದಿನೆಂಟು ಸಾಕು.

ಗೆರೆ: ಪ್ರತಿ ಬುಟ್ಟಿಗೆ ಎರಡು. ಹತ್ತಿರ ಹಳದಿ ಬಾವುಟ, ಅದಕ್ಕಿಂತ ಇಪ್ಪತ್ತು ಮೂವತ್ತು ಅಡಿ ಹಿಂದೆ ಕೆಂಪು ಬಾವುಟ. ಕನ್ನಡ ಬಾವುಟದ ಬಣ್ಣವೂ ಆಯಿತು, ಕೆಲಸವೂ ಆಯಿತು. ಯಾರು ಎಲ್ಲಿಂದ ಎಸೆಯಬೇಕು ಅನ್ನುವ ಚರ್ಚೆಗೆ ಒಂದೇ ಪ್ರಶ್ನೆ: “ನಿಮ್ಮ ಹತ್ತಿರ ಸ್ವಂತ ಡಿಸ್ಕು ಇದೆಯೇ?” ಇದ್ದರೆ ಕೆಂಪು, ಇಲ್ಲದಿದ್ದರೆ ಹಳದಿ. ಪುಟ್ಟ ಮಕ್ಕಳು ಹಳದಿಗಿಂತ ನಾಲ್ಕು ಹೆಜ್ಜೆ ಮುಂದೆ ನಿಂತರೂ ಯಾರದ್ದೇನೂ ಗಂಟು ಹೋಗುವುದಿಲ್ಲ.

ತಂಡ ಮತ್ತು ನಿಯಮ

ಇಲ್ಲಿಯೇ ಸ್ವಲ್ಪ ಜಾಣತನ ಬೇಕು. ಒಬ್ಬೊಬ್ಬರೇ ಆಡಿದರೆ ಮತ್ತೆ ಕ್ರಿಕೆಟ್ಟಿನ ಹುಡುಗರೇ ಮುಂದೆ. ಆದ್ದರಿಂದ ಐದು ಜನರ ತಂಡ ಮಾಡಿ. ಪ್ರತಿ ತಂಡದಲ್ಲಿ ಹನ್ನೆರಡು ವರ್ಷದೊಳಗಿನ ಒಂದು ಮಗು, ಹೈಸ್ಕೂಲಿನ ಒಬ್ಬರು, ಅರವತ್ತು ದಾಟಿದ ಒಬ್ಬರು ಕಡ್ಡಾಯ. ಒಂದೇ ಮನೆಯವರು ಒಂದೇ ತಂಡದಲ್ಲಿ ಬೇಡ, ಚೀಟಿ ಎತ್ತಿ. ತಂಡದ ಒಟ್ಟು ಏಸುಗಳೇ ಲೆಕ್ಕ. ಆಗ ದಾವಣಗೆರೆಯ ಅಜ್ಜಿ ಹಾಕಿದ ಏಸಿಗೂ ಕಾಲೇಜಿನ ಹುಡುಗ ಹಾಕಿದ ಏಸಿಗೂ ಒಂದೇ ಬೆಲೆ, ಮತ್ತು ಆ ಹುಡುಗ ಅಜ್ಜಿಗೆ ಎಸೆಯುವುದನ್ನು ಕಲಿಸಿಕೊಡಲೇಬೇಕು. ಅದಕ್ಕೆ ಅವನು ಕನ್ನಡದಲ್ಲೇ ಮಾತಾಡಬೇಕಾದೀತು. ಕನ್ನಡ ತರಗತಿಯಲ್ಲಿ ಎಷ್ಟು ಗೋಗರೆದರೂ ಆಗದ್ದು ಇಲ್ಲಿ ತಾನಾಗಿ ಆಗುತ್ತದೆ.

ಏಸಿಗೆ ಹತ್ತು, ಮೆಟಲ್ಲಿಗೆ ಮೂರು ಎಂದೆಲ್ಲ ಅಂಕ ಕೊಡುವ ಆಸೆ ಬರಬಹುದು. ಬೇಡ. ಅಂಕ ಬಂದ ಕೂಡಲೇ ನಾಲ್ಕು ಮೆಟಲ್ ಕೂಡಿಸಿದವರು ಒಂದು ಏಸ್ ಹಾಕಿದವರನ್ನು ದಾಟಿಬಿಡುತ್ತಾರೆ. ಮೊದಲು ಏಸ್ ಎಣಿಸಿ, ಸಮವಾದರೆ ಮಾತ್ರ ಮೆಟಲ್. ಆಗಲೂ ಸಮವಾದರೆ ಎರಡೂ ತಂಡದ ಅತಿ ಕಿರಿಯರು ಒಂದೊಂದು ಸಲ ಎಸೆಯಲಿ, ಬುಟ್ಟಿಗೆ ಹತ್ತಿರ ಬಿದ್ದವರಿಗೆ ಗೆಲುವು.

ಆರು ತಂಡಗಳೂ ಒಟ್ಟಿಗೇ, ಒಂದೊಂದು ಬುಟ್ಟಿಯ ಬಳಿಯಿಂದ ಶುರು ಮಾಡಲಿ. ಒಂದು ಬುಟ್ಟಿಗೆ ಎಂಟು ನಿಮಿಷ ಹಿಡಿದರೆ ನಲವತ್ತೆಂಟು ನಿಮಿಷದಲ್ಲಿ ಸುತ್ತು ಮುಗಿಯಿತು. ಅರವತ್ತು ಜನರಿದ್ದರೆ ಎರಡು ಸುತ್ತು. ಊಟಕ್ಕೂ ಕಾಫಿಗೂ ನಡುವೆ ಸರಿಯಾಗಿ ಹೊಂದುತ್ತದೆ.

ಎಸೆಯುವುದು ಹೇಗೆ?

ನಮ್ಮವರ ಕೈಗೆ ಅಭ್ಯಾಸವಾಗಿರುವುದು ಮಾವಿನಕಾಯಿಗೆ ಕಲ್ಲು ಬೀರಿದ ಭಂಗಿ, ಇಲ್ಲವೆ ಲಗೋರಿಯ ಚೆಂಡೆಸೆತ. ಡಿಸ್ಕಿಗೆ ಎರಡೂ ನಡೆಯದು. ಇಸ್ಪೀಟು ಎಲೆ ಹಂಚುವಾಗ ಮಣಿಕಟ್ಟು ಹೇಗೆ ಚಿಮ್ಮುತ್ತದೆ, ಹಾಗೆ ಎಸೆಯಬೇಕು. ಹೆಬ್ಬೆರಳು ಮೇಲೆ, ಉಳಿದ ಬೆರಳು ಅಂಚಿನ ಕೆಳಗೆ. ಬಲಗೈಯವರು ಬುಟ್ಟಿಗೆ ಬಲ ಭುಜ ತೋರಿಸಿ ನಿಂತು, ಡಿಸ್ಕನ್ನು ಎದೆಯ ಬಳಿಗೆ ತಂದು, ಸಮತಟ್ಟಾಗಿ ಬಿಡಬೇಕು.

ಜೋರಿಗಿಂತ ಸುತ್ತು ಮುಖ್ಯ. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ಸುತ್ತು ಇಳಿದಂತೆ ತೂರಾಡುತ್ತದಲ್ಲವೆ? ಡಿಸ್ಕಿನದೂ ಅದೇ ಕಥೆ. ಬಲಗೈಯವರು ಹೀಗೆ ಎಸೆದ ಡಿಸ್ಕು ವೇಗ ಇಳಿದಾಗ ಎಡಕ್ಕೆ ವಾಲುತ್ತದೆ, ಆದ್ದರಿಂದ ಬುಟ್ಟಿಗಿಂತ ತುಸು ಬಲಕ್ಕೆ ಗುರಿಯಿಡಿ. ಎಡಗೈಯವರಿಗೆ ಇದೇ ತಿರುವುಮುರುವು. ಎದುರು ಗಾಳಿ ಡಿಸ್ಕನ್ನು ಮೇಲೆತ್ತುತ್ತದೆ. ಷಿಕಾಗೋದವರಿಗೆ ಗಾಳಿಯ ಬಗ್ಗೆ ಹೇಳಬೇಕಿಲ್ಲ.

ಸೀರೆ ಉಟ್ಟವರು ಸೆರಗು ಸಿಕ್ಕಿಸಿಕೊಂಡರೆ ಸಾಕು. ಮಂಡಿ ನೋವಿನವರು ಕುರ್ಚಿಯಲ್ಲಿ ಕೂತೇ ಎಸೆಯಬಹುದು, ಕುರ್ಚಿಯನ್ನು ಗೆರೆಯ ಹತ್ತಿರ ಒಯ್ದರಾಯಿತು. ಮಹಾವಿಷ್ಣುವಿನ ಚಕ್ರದ ಹಾಗೆ ಇದು ತಾನಾಗಿ ವಾಪಸ್ಸು ಬರುವುದಿಲ್ಲ, ನಿಜ. ಹೆಕ್ಕಿ ತರಲು ಮಕ್ಕಳಿದ್ದಾರಲ್ಲ!

ಮರೆಯಬಾರದ ನಾಲ್ಕು ಮಾತು

ಡಿಸ್ಕು ಗಟ್ಟಿ ವಸ್ತು, ಮುಖಕ್ಕೆ ಬಡಿದರೆ ಗಾಯ ಖಂಡಿತ. ಆರೂ ಬುಟ್ಟಿಗಳ ಎಸೆತ ಒಂದೇ ದಿಕ್ಕಿಗಿರಲಿ, ಎದುರುಬದುರು ಬೇಡ. ತಂಡದ ಕೈಯಲ್ಲಿರುವ ಡಿಸ್ಕುಗಳನ್ನೆಲ್ಲ ಎಸೆದು ಮುಗಿಯುವ ತನಕ ಯಾರೂ ಗೆರೆ ದಾಟಿ ಹೆಕ್ಕಲು ಓಡಬಾರದು. ಪ್ರತಿ ಬುಟ್ಟಿಗೂ ಒಬ್ಬ ದೊಡ್ಡವರು ಕಾವಲಿರಲಿ. ವಾರಾಂತ್ಯದಲ್ಲಿ ಪಾರ್ಕಿನ ಕಾಯಂ ಮೈದಾನವನ್ನು ಆಕ್ರಮಿಸಿದರೆ ದಿನನಿತ್ಯ ಆಡುವವರಿಗೆ ತೊಂದರೆ. ಶೆಲ್ಟರ್ ಪಕ್ಕದ ಬಯಲೇ ನಮಗೆ ಸಾಕು. ಶೆಲ್ಟರ್ ಕಾದಿರಿಸುವಾಗಲೇ ಪಾರ್ಕಿನ ಕಚೇರಿಗೆ ಈ ಆಟದ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ.

ಎರಡು ಊರು, ಒಂದು ಪಂದ್ಯ

ಷಿಕಾಗೋದಿಂದ ಡೆಟ್ರಾಯಿಟ್ಟಿಗೆ ಹೆಚ್ಚುಕಡಿಮೆ 280 ಮೈಲಿ. ಕ್ರಿಕೆಟ್ ಪಂದ್ಯ ಆಡಬೇಕೆಂದರೆ ಒಂದು ಊರಿನವರು ಐ-94 ಹಿಡಿದು ಬರಲೇಬೇಕು. ಏಸ್ ಸ್ಪರ್ಧೆಗೆ ಆ ಗೋಜಿಲ್ಲ. ಆರು ಬುಟ್ಟಿ, ಒಂದೇ ದೂರ, ಒಂದೇ ಬಗೆಯ ಡಿಸ್ಕು, ತಲೆಗೆ ಹನ್ನೆರಡು ಎಸೆತ ಎಂದು ಎರಡೂ ಕಡೆ ಗೊತ್ತು ಮಾಡಿಕೊಂಡು ಅವರವರ ಪಿಕ್ನಿಕ್ಕಿನಲ್ಲಿ ಆಡಿ, ನೂರು ಎಸೆತಕ್ಕೆ ಎಷ್ಟು ಏಸ್ ಎಂದು ಹೋಲಿಸಿದರಾಯಿತು. ಜನ ಹೆಚ್ಚು ಬಂದ ಊರಿಗೆ ಅನ್ಯಾಯದ ಲಾಭವೂ ಇಲ್ಲ.

ಕೊನೆಗೆ ಬಹುಮಾನದ ಮಾತು. ಡಿಸ್ಕ್ ಗಾಲ್ಫ್ ಆಡುವವರಲ್ಲಿ ಒಂದು ಚೆಂದದ ಪದ್ಧತಿಯಿದೆ. ಯಾರಿಗಾದರೂ ಏಸ್ ಬಿದ್ದರೆ ಅದನ್ನು ಕಣ್ಣಾರೆ ಕಂಡವರೆಲ್ಲ ಆ ಡಿಸ್ಕಿನ ಮೇಲೆ ಸಹಿ ಹಾಕಿ ಕೊಡುತ್ತಾರೆ. ಕಪ್ಪು, ಪದಕಗಳ ಬದಲು ನಾವೂ ಹಾಗೇ ಮಾಡೋಣ. ಒಂದೇ ಷರತ್ತು, ಸಹಿ ಕನ್ನಡದಲ್ಲಿರಬೇಕು. ತಂಡದ ಮಗುವಿಗೆ ಅಕ್ಷರ ಮರೆತಿದ್ದರೆ ಪಕ್ಕದಲ್ಲಿ ಅಜ್ಜ ಇದ್ದೇ ಇದ್ದಾರೆ, ಕೈ ಹಿಡಿದು ಬರೆಸುತ್ತಾರೆ. ಅಜ್ಜ ಊರಿಗೆ ಹಿಂದಿರುಗುವಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಆ ತಟ್ಟೆಗೂ ಜಾಗ ಸಿಕ್ಕೀತು.

ಬೇಸಿಗೆ ಚಿಕ್ಕದು. ಮುಂದಿನ ಪಿಕ್ನಿಕ್ಕಿನ ಸಭೆಯಲ್ಲಿ ಈ ವಿಷಯ ಎತ್ತಿ ನೋಡಿ. ಏನಂತೀರಿ?