ಐವತ್ತಕ್ಕೆ ಎಷ್ಟು? ಬಿಯರ್‌ಗೆ ಅಂಕ ಕೊಡಲು ಕೂತಾಗ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಗಳು

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೂತಿದ್ದೆ. ಮುಂದೆ ಮರದ ಹಲಗೆಯ ಮೇಲೆ ಐದು ಪುಟ್ಟ ಗ್ಲಾಸು, ಐದು ಬಣ್ಣ. ಪಕ್ಕದಲ್ಲಿ ನಾನೇ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದ ಐದು ಅಂಕಪಟ್ಟಿ. ಜೊತೆಗಿದ್ದ ಗೆಳತಿ ಅದನ್ನು ನೋಡಿ, "ಅಲ್ವೇ, ಬಿಯರ್ ಕುಡಿಯೋಕೂ ಮಾರ್ಕ್ಸ್ ಕಾರ್ಡಾ?" ಎಂದು ನಕ್ಕಳು.

ನಗುವಂಥದ್ದೇ ಬಿಡಿ. ನಮ್ಮಲ್ಲಿ ಕುಡಿತದ ಬಗ್ಗೆ ಇರುವುದು ಎರಡೇ ಥರದ ಮಾತು. ಒಂದು, 'ಎಷ್ಟು ಹೊಡೆದೆ' ಅನ್ನೋದು. ಇನ್ನೊಂದು, 'ಕುಡಿಯೋದೇ ತಪ್ಪು' ಅನ್ನೋದು. ಗ್ಲಾಸಿನಲ್ಲಿರುವುದು ಚೆನ್ನಾಗಿದೆಯಾ, ಕೆಟ್ಟಿದೆಯಾ, ಯಾಕೆ ಹಾಗಿದೆ ಎಂದು ಕೇಳುವವರು ಕಡಿಮೆ. ಅದನ್ನು ಕಲಿಯೋಣ ಅಂತ ಹೋದವಳು ನಾನು. ಒಂದಷ್ಟು ಕಲಿತೆ ಕೂಡ. ಆದರೆ ಕಲಿಯುತ್ತಾ ಹೋದಂತೆ ಆ ಅಂಕಪಟ್ಟಿಯ ಬಗ್ಗೆಯೇ ಅನುಮಾನ ಶುರುವಾಯಿತು.

ಮೊದಲೇ ಹೇಳಿಬಿಡುತ್ತೇನೆ. ಮದ್ಯದಲ್ಲಿ 'ಇಷ್ಟಾದರೆ ಸುರಕ್ಷಿತ' ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗಾಗಿ ಇದು ಕುಡಿಯಿರಿ ಎಂಬ ಆಹ್ವಾನ ಅಲ್ಲ. ಬ್ರೂವರಿಯ ಹೆಸರೂ ಹೇಳುವುದಿಲ್ಲ. ಒಂದು ಮಧ್ಯಾಹ್ನದ ರುಚಿ ನೋಡಿ ಯಾರಿಗೂ ಸರ್ಟಿಫಿಕೇಟ್ ಕೊಡುವುದು ಸರಿಯಲ್ಲ.

ಮೂಗಿಗೆ 12, ನಾಲಿಗೆಗೆ 20

ನನ್ನ ಕೈಲಿದ್ದದ್ದು ಬಿಜೆಸಿಪಿ ಪಟ್ಟಿ. ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ ಎಂಬ ಈ ಸಂಸ್ಥೆ ಅಮೆರಿಕದಲ್ಲಿ 1985ರಲ್ಲಿ ಶುರುವಾದದ್ದು. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅದು ತೆಳ್ಳಗಿದೆಯಾ ದಪ್ಪಗಿದೆಯಾ ಎಂಬುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಫೋಟೋಕ್ಕೆ ಸಿಗುವುದು ಮೂರೇ ಅಂಕ ನೋಡಿ!

ನಿಯಮಗಳು ಸರಳ. ತೆಳು ಬಿಯರ್‌ನಿಂದ ಶುರು ಮಾಡಿ ಗಾಢವಾದದ್ದಕ್ಕೆ ಹೋಗಬೇಕು. ಮೊದಲು ಮೂಸಬೇಕು, ಆಮೇಲೆ ಗುಟುಕು. ನಡುವೆ ನೀರು ಕುಡಿಯಬೇಕು. ತೀರಾ ಚಿಲ್ಡ್ ಕೇಳಬಾರದು. ಐಸಿನ ಹಾಗಿದ್ದರೆ ವಾಸನೆ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಸಾಧಾರಣ ಬಿಯರ್‌ನ ದೋಷವೆಲ್ಲ ಆ ತಣ್ಣಗಿನಲ್ಲೇ ಮುಚ್ಚಿಹೋಗುತ್ತದೆ.

ಅತ್ತೆಯ ರಾಗಿ ಮಾಲ್ಟ್

ಬಿಯರ್ ಎಂದರೆ ಮಾಲ್ಟ್, ಹಾಪ್ಸ್, ಯೀಸ್ಟ್, ನೀರು. ಇದರಲ್ಲಿ ಮಾಲ್ಟ್ ನನಗೆ ಹೊಸದೇನಲ್ಲ. ತುಮಕೂರು ಕಡೆಯ ನಮ್ಮ ಸೋದರತ್ತೆ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮಕ್ಕಳಿಗೆಲ್ಲ ಮಾಲ್ಟ್ ಮಾಡಿಕೊಡುತ್ತಿದ್ದರು. ಬ್ರೂವರಿಯವರು ಬಾರ್ಲಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಮೊಳಕೆ ಒಡೆದಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತು ಗ್ಯಾಸ್ ಬಿಡುತ್ತದೆ. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಇಷ್ಟು ಗೊತ್ತಿದ್ದರೆ ಯಾವ ರುಚಿ ಎಲ್ಲಿಂದ ಬಂತು ಎಂದು ಹಿಡಿಯಬಹುದು.

ಮೊದಲ ಗ್ಲಾಸು ಲಾಗರ್. ನೋಡಲು ತಿಳಿ ಚಿನ್ನ. ಮೂಸಿದರೆ ಥಿಯೇಟರ್ ಪಾಪ್‌ಕಾರ್ನ್‌ನ ಬೆಣ್ಣೆ ವಾಸನೆ. ಇದು ಡೈಅಸಿಟೈಲ್. ಹುದುಗುವಾಗ ಯೀಸ್ಟೇ ಇದನ್ನು ಹುಟ್ಟಿಸುತ್ತದೆ, ಸಮಯ ಕೊಟ್ಟರೆ ತಾನೇ ತೆಗೆದುಹಾಕುತ್ತದೆ. ಕೊಳಕಾದ ಟ್ಯಾಪ್ ಪೈಪಿನಿಂದಲೂ ಬರುತ್ತದೆ. ಲಾಗರ್ ಅನ್ನು ತಂಪಿನಲ್ಲಿ ವಾರಗಟ್ಟಲೆ ಇಡಬೇಕು. ಅಷ್ಟು ದಿನ ಟ್ಯಾಂಕ್ ಕಟ್ಟಿಹಾಕಿದರೆ ಬೆಂಗಳೂರಿನ ಬಾಡಿಗೆಗೆ ಕಟ್ಟುಬೀಳುತ್ತದಾ? ಅವಸರ ಅಂತ ನನ್ನ ಊಹೆ. 50ಕ್ಕೆ 24.

ಎರಡನೆಯದು ಜರ್ಮನ್ ಶೈಲಿಯ ಗೋಧಿ ಬಿಯರ್, ಹೆಫೆವೈಜನ್. ಮಸುಕು ಬಣ್ಣ, ದಪ್ಪ ನೊರೆ, ಬಾಳೆಹಣ್ಣು ಮತ್ತು ಲವಂಗದ ಪರಿಮಳ. ಇವೆರಡನ್ನೂ ಯಾರೂ ಹಾಕಿಲ್ಲ. ಎರಡೂ ಆ ಯೀಸ್ಟ್‌ನ ಕೆಲಸ. ಅಚ್ಚುಕಟ್ಟು. 39.

ಮೂರನೆಯದು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಹೆಸರಲ್ಲಿ ಇಂಡಿಯಾ ಇದೆ. ಆದರೆ ಇದರ ಮೂಲ, ಇಲ್ಲಿದ್ದ ಬ್ರಿಟಿಷರಿಗಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಬಿಯರ್. ಇವತ್ತೂ ಹಾಪ್ಸ್ ಬಹುತೇಕ ಆಮದೇ. ಹಿಮಾಚಲದ ಲಾಹೌಲ್‌ನಂಥ ಕಡೆ ಸ್ವಲ್ಪ ಬೆಳೆಯುತ್ತಾರೆ ಅಷ್ಟೇ. ಮೂಗಿಗೆ ಕಿತ್ತಳೆ ಸಿಪ್ಪೆ, ನಾಲಿಗೆಗೆ ಹಾಗಲಕಾಯಿಯಂಥ ಕಹಿ, ಕೊನೆಗೆ ಎಳೆ ಅಡಿಕೆ ಜಗಿದ ಹಾಗೆ ಒಗರು. ಆ ಒಗರು ಜಾಸ್ತಿಯಾಯಿತು. 33.

ನಾಲ್ಕನೆಯದು ಸ್ಟೌಟ್. ಕಪ್ಪಗೆ ಹುರಿದ ಬಾರ್ಲಿಯಿಂದ ಬರುವ ಕಾಫಿ ವಾಸನೆ. ಹುರಿದದ್ದಕ್ಕೂ ಸೀದದ್ದಕ್ಕೂ ಕೂದಲೆಳೆಯ ವ್ಯತ್ಯಾಸ, ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಅದು ಹೇಳಿಕೊಡಬೇಕಿಲ್ಲ. ಇದು ಸೀದಿರಲಿಲ್ಲ. 36.

ರಾಗಿ ಯಾವ ಖಾನೆಗೆ?

ಕೊನೆಯ ಗ್ಲಾಸು ರಾಗಿ ಏಲ್. ಕೆಂಪು ಕಂದು ಬಣ್ಣ, ಆಗಷ್ಟೇ ಹುರಿದ ಹಿಟ್ಟಿನ ಘಮ, ಬಾಯಲ್ಲಿ ತುಸು ಮಣ್ಣಿನ ರುಚಿ. ರಾಗಿ ಕಾಳು ತೀರಾ ಸಣ್ಣದು, ಬಾರ್ಲಿಯ ಹಾಗೆ ಹೊಟ್ಟು ಇಲ್ಲದ್ದರಿಂದ ಸೋಸುವುದು ಕಷ್ಟ. ಅದಕ್ಕೇ ಬಾರ್ಲಿ ಜೊತೆ ಬೆರೆಸಿದ್ದರು. ನನಗಂತೂ ಐದರಲ್ಲಿ ಇದೇ ಹಿಡಿಸಿತು.

ಅಂಕ ಕೊಡಲು ಹೋದಾಗ ಪೆನ್ನು ನಿಂತಿತು. ಬಿಜೆಸಿಪಿ ವಿಧಾನದಲ್ಲಿ 'ನಿನಗೆ ಇಷ್ಟವಾಯಿತಾ' ಎಂಬುದು ಮುಖ್ಯ ಪ್ರಶ್ನೆ ಅಲ್ಲ. 'ಇದು ತನ್ನ ಶೈಲಿಗೆ ಎಷ್ಟು ನಿಷ್ಠವಾಗಿದೆ' ಎಂಬುದೇ ಪ್ರಶ್ನೆ. ಆ ಶೈಲಿಗಳ ಪಟ್ಟಿಯಲ್ಲಿ ಹೆಚ್ಚಿನವು ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡ್, ಅಮೆರಿಕದವು. ರಾಗಿಗೆ ಸ್ವಂತ ಖಾನೆ ಇಲ್ಲ. ಅದು ಹೋಗಿ ಬೀಳುವುದು 'ಪರ್ಯಾಯ ಧಾನ್ಯದ ಬಿಯರ್' ಎಂಬ ಗುಂಪಿಗೆ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದಲ್ಲಿ ಕೂತು ನಾನು ರಾಗಿಯನ್ನು 'ಪರ್ಯಾಯ' ಎಂದು ಬರೆಯಬೇಕು!

ಪಟ್ಟಿಯನ್ನು ಹರಿದು ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಲಾಗರ್‌ನ ಬೆಣ್ಣೆ ವಾಸನೆ ಹಿಡಿದು, ಇದು ಸರಿಯಿಲ್ಲ ಎಂದು ಕಾರಣ ಸಮೇತ ಕೇಳುವ ಧೈರ್ಯ ಕೊಟ್ಟಿದ್ದು ಅದೇ ಪಟ್ಟಿ. ಆದರೆ ಅಳತೆಗೋಲು ಯಾರ ನಾಲಿಗೆಯಿಂದ ಬಂತು ಎಂಬುದು ನೆನಪಿರಬೇಕು. ರಾಗಿ ಏಲ್‌ಗೆ ಎರಡು ಅಂಕ ಬರೆದೆ. ಪಟ್ಟಿಯ ಪ್ರಕಾರ 32, ನನ್ನ ಪ್ರಕಾರ 41.

ಪಟ್ಟಿ ಕೇಳದ ಪ್ರಶ್ನೆ

ಆಮೇಲೆ ಬಿಲ್ ಬಂತು. ನಮ್ಮೂರಲ್ಲಿ ಹೊಲದ ಕಳೆ ಕೀಳುವ ಹೆಂಗಸರ ಎರಡು ದಿನದ ಕೂಲಿಗಿಂತ ಜಾಸ್ತಿ. 50 ಅಂಕದಲ್ಲಿ ಬೆಲೆಗೆ ಒಂದು ಅಂಕವೂ ಇಲ್ಲ.

ಬೆಲೆಯ ಹಿಂದೆ ಸರ್ಕಾರವೂ ಇದೆ. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ. 175ರಿಂದ 185ಕ್ಕೆ ಏರಿತು, ಆಮೇಲೂ ಏರಿದೆ. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಕೈಲಿ ನೂರಿನ್ನೂರು ರೂಪಾಯಿ ಇರುವವನು ಆಗ ಏನು ಮಾಡುತ್ತಾನೆ? ಕೊಟ್ಟ ಕಾಸಿಗೆ ಯಾವುದರಲ್ಲಿ ಕಿಕ್ ಜಾಸ್ತಿ ಎಂದು ನೋಡುತ್ತಾನೆ. ಸ್ಟ್ರಾಂಗ್ ಬಿಯರ್, ಇಲ್ಲಾ ಒಂದು ನೈಂಟಿ. ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಸ್ಟ್ರಾಂಗ್‌ದೇ ಸಿಂಹಪಾಲು. 'ನಮ್ ಜನಕ್ಕೆ ಟೇಸ್ಟ್ ಗೊತ್ತಿಲ್ಲ' ಎನ್ನುವವರು ಈ ಲೆಕ್ಕವನ್ನೂ ನೋಡಬೇಕು.

ನಮ್ಮ ಅತ್ತೆಯ ಗಂಡ ಸಾರಾಯಿ ಪ್ಯಾಕೆಟ್ ಕುಡಿಯುತ್ತಿದ್ದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಮಾವನ ಕುಡಿತ ನಿಲ್ಲಲಿಲ್ಲ. ಅಗ್ಗದ ವಿಸ್ಕಿಗೆ ತಿರುಗಿದರು, ಖರ್ಚು ಹೆಚ್ಚಿತು, ಕೆಲವೇ ವರ್ಷದಲ್ಲಿ ತೀರಿಕೊಂಡರು. ಅದೇ ವರ್ಷಗಳಲ್ಲಿ, 2010-11ರ ಸುಮಾರಿಗೆ, ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು ಬಾಗಿಲು ತೆರೆದವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳುತ್ತಾ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಬೇಡಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಷೇಧ ಏನು ಮಾಡುತ್ತದೆ ಎಂದು ಮನೆಯಲ್ಲೇ ನೋಡಿದ್ದೇನೆ. ಆದರೆ ಗ್ಲಾಸು ಮೂಸಿ ಲವಂಗ, ಕಿತ್ತಳೆ ಎಂದು ಬರೆಯುವ ನನ್ನ ಸಂತೋಷ ಮತ್ತು ಅವರ ಸಂಕಟ ಒಂದೇ ಇಲಾಖೆಯ ಲೆಕ್ಕದ ಪುಸ್ತಕದಲ್ಲಿವೆ. ಅದನ್ನು ಮರೆತು ಅಂಕ ಕೊಡಲು ನನಗೆ ಆಗುತ್ತಿಲ್ಲ.

ಊರಿಗೆ ಹೋದಾಗ ಅತ್ತೆಗೆ ಹೇಳಿದೆ, "ಅತ್ತೆ, ಬೆಂಗಳೂರಲ್ಲಿ ರಾಗೀಲಿ ಬಿಯರ್ ಮಾಡ್ತಾರೆ." ಬೈತಾರೆ ಅಂದುಕೊಂಡಿದ್ದೆ. ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು.

"ರಾಗೀಲಾ? ಒಂದ್ ಲೋಟಕ್ಕೆ ಎಷ್ಟಂತವ್ವಾ?"

ಹೇಳಿದೆ.

"ನಮ್ ತಾವ ಕ್ವಿಂಟಾಲ್‌ಗೆ ಎಷ್ಟ್ ಕೊಡ್ತಾರೆ ಗೊತ್ತಾ?" ಎಂದು ಮತ್ತೆ ಮೊರ ಎತ್ತಿಕೊಂಡರು.

ಮುಂದಿನ ಸಲ ಅಂಕಪಟ್ಟಿ ಪ್ರಿಂಟ್ ತೆಗೆಸುವಾಗ ಕೆಳಗೆ ಎರಡು ಖಾನೆ ನಾನೇ ಸೇರಿಸಿಕೊಳ್ಳುತ್ತೇನೆ. ಒಂದು, ಗ್ಲಾಸಿನ ಬೆಲೆ. ಇನ್ನೊಂದು, ಆ ಧಾನ್ಯ ಬೆಳೆದವರಿಗೆ ಸಿಕ್ಕಿದ್ದೆಷ್ಟು.