ಸಮುದ್ರಮೀನುಗಳ ಬಿಳಿಚುಕ್ಕೆ ರೋಗ

ಸಮುದ್ರಮೀನುಗಳ ಬಿಳಿಚುಕ್ಕೆ ರೋಗವು ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಸಾಕುವ ಮೀನುಗಳಿಗೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿಯಿಂದ ಉಂಟಾಗುವ ವ್ಯಾಧಿ. ಹವ್ಯಾಸಿಗಳ ಮಾತಿನಲ್ಲಿ ಇದು 'ಮರೀನ್ ಇಕ್'. ಹವಳ ಮತ್ತು ಮೀನುಗಳನ್ನು ಒಟ್ಟಿಗೆ ಬೆಳೆಸುವ 'ರೀಫ್ ಟ್ಯಾಂಕ್'ಗಳಲ್ಲಿ ಇದರ ನಿವಾರಣೆ ಬಹಳ ಕಷ್ಟ. ಈ ಜೀವಿಯನ್ನು ಕೊಲ್ಲುವ ಔಷಧಗಳು ಹವಳ, ಸಿಗಡಿ, ಬಸವನಹುಳುಗಳನ್ನೂ ಕೊಲ್ಲುತ್ತವೆ.

ಜಪಾನಿನ ಸಿಕಾಮಾ 1937ರಲ್ಲಿ ಈ ಜೀವಿಯನ್ನು ವರ್ಣಿಸಿದರು. ಈಗಿನ ಹೆಸರನ್ನು 1951ರಲ್ಲಿ ಬ್ರೌನ್ ನೀಡಿದರು. ಸಿಹಿನೀರಿನ ಮೀನುಗಳಿಗೆ ಬರುವ ಬಿಳಿಚುಕ್ಕೆ ರೋಗವು ನೋಡಲು ಇದರಂತೆಯೇ ಇದ್ದರೂ ಅದರ ಕಾರಣಜೀವಿ ಬೇರೆಯದು. ಎರಡರ ನಡುವೆ ನಿಕಟ ಸಂಬಂಧವಿಲ್ಲ.

ಜೀವನಚಕ್ರ

ಚಿಕಿತ್ಸೆಯ ಯಶಸ್ಸು ಜೀವನಚಕ್ರದ ತಿಳಿವಳಿಕೆಯನ್ನು ಅವಲಂಬಿಸಿದೆ. ಪರಾವಲಂಬಿಯು ಮೀನಿನ ಚರ್ಮ ಮತ್ತು ಕಿವಿರುಗಳ ಮೇಲ್ಪದರದ ಒಳಗೆ ಸೇರಿ 3ರಿಂದ 7 ದಿನ ಅಲ್ಲಿಯೇ ಬೆಳೆಯುತ್ತದೆ. ಕಣ್ಣಿಗೆ ಕಾಣುವ ಉಪ್ಪಿನ ಹರಳಿನಂತಹ ಚುಕ್ಕೆ ಇದೇ. ಮೇಲ್ಪದರದ ಮರೆಯಲ್ಲಿರುವುದರಿಂದ ಈ ಹಂತದಲ್ಲಿ ಔಷಧ ಅದನ್ನು ತಾಕುವುದಿಲ್ಲ. ಬೆಳೆದ ಮೇಲೆ ಅದು ಮೀನನ್ನು ಬಿಟ್ಟು, ಮರಳು ಅಥವಾ ಕಲ್ಲಿಗೆ ಅಂಟಿಕೊಂಡು, ಸುತ್ತಲೂ ಗಟ್ಟಿ ಕೋಶವನ್ನು ಕಟ್ಟಿಕೊಳ್ಳುತ್ತದೆ. ಕೋಶದೊಳಗೆ ವಿಭಜನೆ ನಡೆದು ನೂರಾರು ಮರಿಗಳು ಹುಟ್ಟುತ್ತವೆ. ಸಾಮಾನ್ಯವಾಗಿ 3ರಿಂದ 28 ದಿನಗಳೊಳಗೆ ಕೋಶ ಒಡೆಯುತ್ತದೆಯಾದರೂ 72 ದಿನಗಳವರೆಗೆ ಕಾದಿರುವ ಕೋಶಗಳೂ ಪ್ರಯೋಗಗಳಲ್ಲಿ ಕಂಡುಬಂದಿವೆ. ಮರಿಗಳು ಹೊರಬರುವುದು ಹೆಚ್ಚಾಗಿ ಕತ್ತಲಲ್ಲಿ, ಅಂದರೆ ಮೀನುಗಳು ತಳದ ಬಳಿ ನಿದ್ರಿಸುವ ಹೊತ್ತಿಗೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಔಷಧಕ್ಕೆ ಬಲಿಯಾಗುವುದು ಈಜಾಡುವ ಈ ಮರಿ ಹಂತವೊಂದೇ.

ಹೀಗಾಗಿ ಚುಕ್ಕೆಗಳು ಮಾಯವಾದುದನ್ನು ಗುಣವೆಂದು ತಿಳಿಯುವುದು ದೊಡ್ಡ ತಪ್ಪು. ಅವು ಮೀನನ್ನು ಬಿಟ್ಟು ತಳಕ್ಕೆ ಇಳಿದಿರುತ್ತವೆ, ಅಷ್ಟೇ. ಬೆಳ್ಳುಳ್ಳಿ ಬೆರೆಸಿದ ಆಹಾರಕ್ಕೆ ಸಿಕ್ಕಿರುವ ಕೀರ್ತಿಯ ಬಹುಪಾಲು ಈ ತಪ್ಪು ಎಣಿಕೆಯದೇ.

ಲಕ್ಷಣಗಳು

ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ವೇಗವಾಗಿ ಉಸಿರಾಡುತ್ತದೆ, ಆಹಾರ ಬಿಡುತ್ತದೆ. ಟ್ಯಾಂಗ್ ಜಾತಿಯ ಮೀನುಗಳು ಬೇಗನೆ ತುತ್ತಾಗುತ್ತವೆ. ಕಿವಿರಿಗೆ ಮಾತ್ರ ಸೋಂಕು ತಗುಲಿದಾಗ ಹೊರಗೆ ಒಂದು ಚುಕ್ಕೆಯೂ ಕಾಣದಿರಬಹುದು. ಚುಕ್ಕೆಗಳ ಬದಲು ನುಣುಪಾದ ಧೂಳು ಸವರಿದಂತೆ ಕಂಡರೆ ಅದು ಅಮೈಲೂಡಿನಿಯಂ ಎಂಬ ಮತ್ತೊಂದು ಪರಾವಲಂಬಿಯ ಲಕ್ಷಣವಾಗಿರಬಹುದು. ಅದು ಕೆಲವೇ ದಿನಗಳಲ್ಲಿ ಮೀನನ್ನು ಕೊಲ್ಲಬಲ್ಲುದು.

ಚಿಕಿತ್ಸೆ

ಎಲ್ಲ ಮೀನುಗಳನ್ನೂ, ಆರೋಗ್ಯವಾಗಿ ಕಾಣುವವನ್ನೂ ಸೇರಿಸಿ, ಕಲ್ಲು ಮರಳುಗಳಿಲ್ಲದ ಬೇರೆ ತೊಟ್ಟಿಗೆ ವರ್ಗಾಯಿಸುವುದು ಮೊದಲ ಹೆಜ್ಜೆ. ಹವಳದ ತೊಟ್ಟಿಯನ್ನು ಮೀನಿಲ್ಲದೆ ಸುಮಾರು 76 ದಿನ ಖಾಲಿ ಬಿಟ್ಟರೆ, ಆಶ್ರಯ ಸಿಗದೆ ಪರಾವಲಂಬಿಯ ಸಂತತಿ ಅಳಿಯುತ್ತದೆ. ಹವಳ ಮತ್ತು ಸಿಗಡಿಗಳು ಅದಕ್ಕೆ ಆಶ್ರಯವಾಗಲಾರವು.

ಬೇರ್ಪಡಿಸಿದ ಮೀನುಗಳಿಗೆ ತಾಮ್ರ ಹಳೆಯ ಔಷಧ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೇ ಇದರ ಮೂಲವಸ್ತು. ಆದರೆ ತೋಟದ ಅಳತೆಗೂ ತೊಟ್ಟಿಯ ಅಳತೆಗೂ ಹೋಲಿಕೆಯಿಲ್ಲ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಸಾಕು. 100 ಲೀಟರ್ ನೀರಿಗೆ ಶುದ್ಧ ಮೈಲುತುತ್ತ 80 ಮಿಲಿಗ್ರಾಂ ಕೂಡ ಬೇಕಾಗದು. ಕೃಷಿ ದರ್ಜೆಯದನ್ನು ಚಿಟಿಕೆಯ ಲೆಕ್ಕದಲ್ಲಿ ಹಾಕುವುದು ಮೀನಿಗೆ ವಿಷವಿಟ್ಟಂತೆ. ಪ್ರಮಾಣವನ್ನು ದಿನವೂ ಪರೀಕ್ಷಿಸುತ್ತ ಕನಿಷ್ಠ 3 ವಾರ ಕಾಯ್ದುಕೊಳ್ಳಬೇಕು. ಸುಣ್ಣದ ಅಂಶವುಳ್ಳ ಕಲ್ಲುಗಳು ತಾಮ್ರವನ್ನು ಹೀರಿಕೊಳ್ಳುವುದರಿಂದಲೇ ಚಿಕಿತ್ಸಾ ತೊಟ್ಟಿಯಲ್ಲಿ ಅವು ಇರಕೂಡದು.

ಔಷಧವಿಲ್ಲದ ಮಾರ್ಗಗಳೂ ಉಂಟು. ಪ್ರತಿ 3 ದಿನಕ್ಕೊಮ್ಮೆ ಮೀನನ್ನು ಒಣಗಿಸಿ ಶುಚಿಮಾಡಿದ ಹೊಸ ತೊಟ್ಟಿಗೆ 4 ಬಾರಿ ದಾಟಿಸಿದರೆ, ಕೋಶಗಳು ಹಿಂದೆಯೇ ಉಳಿದುಬಿಡುತ್ತವೆ. ಲವಣಾಂಶವನ್ನು ಸಾವಿರಕ್ಕೆ 35ರಿಂದ 16ರ ಆಸುಪಾಸಿಗೆ ನಿಧಾನವಾಗಿ ಇಳಿಸಿ ಕೆಲವು ವಾರ ಇಡುವುದು ಇನ್ನೊಂದು ವಿಧಾನ.

ಬೆಂಗಳೂರಿನ ಸಂದರ್ಭ

ಬೆಂಗಳೂರಿಗೆ ಸಮುದ್ರಮೀನುಗಳು ನೂರಾರು ಕಿಲೋಮೀಟರ್ ಪ್ರಯಾಣಿಸಿ ಬರುತ್ತವೆ. ದಣಿದ ಮೀನಿನಲ್ಲಿ ರೋಗ ಬೇಗ ಉಲ್ಬಣಿಸುತ್ತದೆ. ಚಿಕಿತ್ಸಾ ತೊಟ್ಟಿಗೂ ಕೃತಕ ಸಮುದ್ರ ಲವಣವೇ ಬೇಕು. ಅವೆನ್ಯೂ ರಸ್ತೆ, ತರಗುಪೇಟೆಗಳ ಸುತ್ತಿನ ಅಂಗಡಿಗಳಲ್ಲಿ ಸಿಗುವ ಅಡುಗೆ ಉಪ್ಪು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕೊರತೆಯಿಂದ ಈ ಕೆಲಸಕ್ಕೆ ಬಾರದು. ನಲ್ಲಿಯ ಕ್ಲೋರಿನ್ ನೀರು ಮತ್ತು ಕೊಳವೆಬಾವಿಯ ಗಡಸು ನೀರನ್ನು ಶುದ್ಧೀಕರಿಸಿಯೇ ಬಳಸಬೇಕು. ಕಿವಿರು ಹಾನಿಗೊಂಡ ಮೀನಿಗೆ ಆಮ್ಲಜನಕದ ಕೊರತೆ ಮಾರಕವಾದುದರಿಂದ, ವಿದ್ಯುತ್ ಕಡಿತದ ಹೊತ್ತಿಗೆ ಬ್ಯಾಟರಿಯ ಗಾಳಿಪಂಪ್ ಸಿದ್ಧವಿರಬೇಕು.

ಸೋಂಕು ತಗುಲಿದ ಕಲ್ಲುಗಳ ಬದಲಿಗೆ ಕಡಲತೀರದಿಂದ ಹವಳದ ತುಂಡುಗಳನ್ನು ತರುವಂತಿಲ್ಲ. ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆಯಾದರೂ, ಬಂಡೆ ಕಟ್ಟುವ ಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಗೆ ಸೇರಿದ್ದು, ಅವುಗಳ ಸಂಗ್ರಹ ಅಪರಾಧ.

ತಡೆ

ರೋಗದಿಂದ ಬದುಕುಳಿದ ಮೀನು ಕೆಲವು ತಿಂಗಳು ಭಾಗಶಃ ನಿರೋಧಶಕ್ತಿ ಪಡೆಯುತ್ತದೆ. ಅಂಥ ಮೀನು ಲಕ್ಷಣ ತೋರದೆಯೇ ಸೋಂಕನ್ನು ಹೊತ್ತಿರಬಹುದು. ಆದ್ದರಿಂದ ಹೊಸ ಮೀನನ್ನು ಒಂದು ತಿಂಗಳಾದರೂ ಪ್ರತ್ಯೇಕವಾಗಿಟ್ಟು ಗಮನಿಸುವುದು ವಾಡಿಕೆ. ಹೊಸ ಹವಳ ಮತ್ತು ಬಸವನಹುಳುಗಳ ಚಿಪ್ಪಿಗೂ ಕೋಶಗಳು ಅಂಟಿರಬಹುದಾದ್ದರಿಂದ ಅವನ್ನು ಕೂಡ ಮೀನಿಲ್ಲದ ತೊಟ್ಟಿಯಲ್ಲಿ ಇರಿಸಬೇಕಾಗುತ್ತದೆ. ಎರಡು ತೊಟ್ಟಿಗಳಿಗೆ ಒಂದೇ ಬಲೆಯನ್ನು ಬಳಸಬಾರದು. ಬಳಸಿದ ಬಲೆ, ಕೊಳವೆಗಳನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದರೆ ಅವುಗಳ ಮೇಲಿನ ಕೋಶಗಳು ಸಾಯುತ್ತವೆ.