‘ಟ್ವೆಲ್ವ್ ಆಂಗ್ರಿ ಮೆನ್’ ಚಿತ್ರದ ಗುಣದೋಷ ವಿವೇಚನೆ

ನಮ್ಮ ಧರ್ಮಶಾಸ್ತ್ರಕಾರರು ನ್ಯಾಯಸಭೆಯ ವಿಚಾರಣೆಯನ್ನು ‘ವ್ಯವಹಾರ’ವೆಂದು ಕರೆದರು. ‘ವಿ’ ಎಂದರೆ ನಾನಾ, ‘ಅವ’ ಎಂದರೆ ಸಂದೇಹ, ‘ಹಾರ’ ಎಂದರೆ ಹರಣ. ನಾನಾ ಸಂದೇಹಗಳನ್ನು ಹರಿಸುವುದರಿಂದ ಅದು ವ್ಯವಹಾರವೆಂದು ಕಾತ್ಯಾಯನನು ಪದವನ್ನು ಬಿಡಿಸಿದ್ದಾನೆ. ವೈಯಾಕರಣರು ಈ ನಿಷ್ಪತ್ತಿಯನ್ನು ಒಪ್ಪುವರೋ ಇಲ್ಲವೋ, ಅಭಿಪ್ರಾಯವಂತೂ ಸ್ಪಷ್ಟವಾಗಿದೆ: ಸಂದೇಹ ಅಳಿದಲ್ಲಿ ನ್ಯಾಯನಿರ್ಣಯ. 1957ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಟ್ವೆಲ್ವ್ ಆಂಗ್ರಿ ಮೆನ್’ ಎಂಬ ಕಪ್ಪು ಬಿಳುಪು ಚಿತ್ರವು ಇದಕ್ಕೆ ವಿಲೋಮವಾದ ದಾರಿ ಹಿಡಿದಿದೆ. ಸಂದೇಹವೇ ಇಲ್ಲದ ಹನ್ನೊಂದು ಜನರ ನಡುವೆ ಒಬ್ಬನು ಸಂದೇಹವನ್ನು ಬಿತ್ತುತ್ತಾನೆ. ಅದು ಎಲ್ಲರಲ್ಲಿ ಮೊಳೆತಾಗ ನಿರ್ಣಯ ಹೊರಬೀಳುತ್ತದೆ. ಈ ಚಿತ್ರದ ಗುಣವೂ ದೋಷವೂ ಈ ಒಂದೇ ಬೇರಿನಿಂದ ಹೊರಟಿವೆಯೆಂಬುದು ನನ್ನ ಎಣಿಕೆ.

ಜ್ಯೂರಿಯೆಂಬ ಪದ್ಧತಿ ಇಂದಿನ ತರುಣರಿಗೆ ಅಪರಿಚಿತ. ಸಾಮಾನ್ಯ ನಾಗರಿಕರಿಂದ ಆಯ್ದ ಕೆಲವರು ಸಾಕ್ಷ್ಯವನ್ನು ಕೇಳಿ ಆರೋಪಿಯು ದೋಷಿಯೇ ಅಲ್ಲವೇ ಎಂಬುದನ್ನು ತೀರ್ಮಾನಿಸುವರು. ನಮ್ಮ ದೇಶದಲ್ಲಿಯೂ ಅದು ಬಳಕೆಯಲ್ಲಿತ್ತು. 1959ರ ನಾನಾವತಿ ಪ್ರಕರಣದ ನಂತರ ಅದರ ಮೇಲಿನ ನಂಬಿಕೆ ಕುಂದಿ, 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಸ್ಥಾನವೇ ಉಳಿಯಲಿಲ್ಲ. ಆದರೂ 1986ರಲ್ಲಿ ಬಾಸು ಚಟರ್ಜಿಯವರು ಇದೇ ಕಥೆಯನ್ನು ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಹಿಂದಿಗೆ ತಂದರು. ಪದ್ಧತಿ ಹೋದರೂ ಪ್ರಶ್ನೆ ಹೋಗಿರಲಿಲ್ಲವೆಂದಾಯಿತು.

ಕಥೆಯ ಎಳೆ ಸರಳ. ನ್ಯೂಯಾರ್ಕಿನ ಕೊಳೆಗೇರಿಯ ಹದಿನೆಂಟು ವರ್ಷದ ಹುಡುಗನೊಬ್ಬನು ತಂದೆಯನ್ನು ಚೂರಿಯಿಂದ ಇರಿದು ಕೊಂದನೆಂಬುದು ಆರೋಪ. ದೋಷಿಯೆಂದಾದರೆ ಮರಣದಂಡನೆ ತಪ್ಪದು. ತೀರ್ಪು ಏಕಮತದ್ದಾಗಿರಬೇಕು. ಮೊದಲ ಎಣಿಕೆಯಲ್ಲಿ ಹನ್ನೊಂದು ಕೈಗಳು ದೋಷಿಯೆಂದು ಏಳುತ್ತವೆ. ಹೆನ್ರಿ ಫೊಂಡಾ ಅಭಿನಯಿಸಿದ ಎಂಟನೆಯ ಸದಸ್ಯನ ಕೈ ಮಾತ್ರ ಏಳುವುದಿಲ್ಲ. ಹುಡುಗ ನಿರಪರಾಧಿಯೆಂದು ಆತ ಹೇಳುವುದಿಲ್ಲ. ತನಗೆ ತಿಳಿಯದು, ಮಾತನಾಡೋಣ ಎನ್ನುತ್ತಾನೆ, ಅಷ್ಟೆ.

ಇಲ್ಲಿಯೇ ಚಿತ್ರದ ಬಹು ದೊಡ್ಡ ಗುಣವಿದೆ. ಗೌತಮನ ನ್ಯಾಯಸೂತ್ರವು ಗಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯವು ಮೂರನೆಯದು. ನಿರ್ಣಯವು ಬರುವುದು ಬಹಳ ಹಿಂದೆ, ಒಂಬತ್ತನೆಯದಾಗಿ. ಸಂಶಯವಿಲ್ಲದೆ ವಿಚಾರಕ್ಕೆ ಪ್ರವೃತ್ತಿಯೇ ಇಲ್ಲ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವವನನ್ನು ವೈತಂಡಿಕನೆಂದು ನಾವು ಹಳಿಯುತ್ತೇವೆ. ಆದರೆ ಒಂದು ಜೀವದ ಪ್ರಶ್ನೆ ಬಂದಾಗ ವಿತಂಡಕ್ಕೂ ಒಂದು ಧರ್ಮವಿದೆ, ಸಾಧಿಸುವ ಭಾರ ಆರೋಪಿಸಿದವನ ಹೆಗಲ ಮೇಲೆಯೇ ಇರಬೇಕು ಎಂಬುದನ್ನು ಈ ಚಿತ್ರವು ಉಪನ್ಯಾಸವಿಲ್ಲದೆ ತೋರಿಸಿಕೊಡುತ್ತದೆ.

ಶಿಲ್ಪದ ಬಗೆಗೂ ಒಂದೆರಡು ಮಾತು ಅವಶ್ಯ. ರೆಜಿನಾಲ್ಡ್ ರೋಸ್ 1954ರಲ್ಲಿ ದೂರದರ್ಶನಕ್ಕಾಗಿ ಬರೆದ ನಾಟಕವೇ ಇದರ ಮೂಲ. ನಿರ್ದೇಶಕ ಸಿಡ್ನಿ ಲ್ಯುಮೆಟ್‌ಗೆ ಇದು ಪ್ರಥಮ ಚಲನಚಿತ್ರ. ಸುಮಾರು 96 ನಿಮಿಷಗಳಲ್ಲಿ ಮೂರು ನಿಮಿಷದಷ್ಟನ್ನು ಬಿಟ್ಟರೆ ಉಳಿದುದೆಲ್ಲ ಒಂದು ಕೋಣೆ ಮತ್ತು ಅದಕ್ಕೆ ಹೊಂದಿದ ಶೌಚಗೃಹದಲ್ಲಿಯೇ ನಡೆಯುತ್ತದೆ. ಆದರೂ ಬೇಸರವಿಲ್ಲ. ಲ್ಯುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕೌಫ್‌ಮನ್ ಆರಂಭದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ನಡುವೆ ಕಣ್ಣಿನ ಮಟ್ಟಕ್ಕಿಳಿಸಿ, ಕೊನೆಗೆ ಅದಕ್ಕಿಂತ ಕೆಳಗಿರಿಸಿದರು. ಮಸೂರಗಳನ್ನೂ ಕ್ರಮವಾಗಿ ಬದಲಿಸಿದರು. ಆದಕಾರಣ ವಾದ ಬಿಸಿಯೇರಿದಂತೆ ಗೋಡೆಗಳು ಸಮೀಪಿಸುತ್ತವೆ, ಛಾವಣಿ ಕಾಣತೊಡಗಿ ತಲೆಯ ಮೇಲೆ ಬಂದು ಕೂಡುತ್ತದೆ. ಸಾಮಾನ್ಯ ಪ್ರೇಕ್ಷಕನಿಗೆ ಇದಾವುದೂ ಅರಿವಿಗೆ ಬಾರದು. ಉಸಿರು ಕಟ್ಟುವುದು ಮಾತ್ರ ಅನುಭವಕ್ಕೆ ಬರುತ್ತದೆ. 1957ರ ಬರ್ಲಿನ್ ಚಿತ್ರೋತ್ಸವದಲ್ಲಿ ಸುವರ್ಣ ಕರಡಿ ಇದಕ್ಕೆ ಸಂದುದು ಯೋಗ್ಯವೇ ಆಯಿತು.

ಸಾಕ್ಷ್ಯಪರೀಕ್ಷೆಯ ಭಾಗವನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಕೆಳಮನೆಯ ಮುದುಕನು ದೇಹ ಬಿದ್ದ ಸದ್ದು ಕೇಳಿ ಹದಿನೈದು ಸೆಕೆಂಡಿನಲ್ಲಿ ಬಾಗಿಲಿಗೆ ಬಂದು ಓಡುವ ಹುಡುಗನನ್ನು ಕಂಡೆನೆಂದಿದ್ದಾನೆ. ಎಂಟನೆಯವನು ಆ ಕುಂಟುನಡೆಯನ್ನು ತಾನೇ ನಡೆದು ತೋರಿಸಿದಾಗ ನಲವತ್ತೊಂದು ಸೆಕೆಂಡು ಹಿಡಿಯುತ್ತದೆ. ಮುದುಕನು ಸುಳ್ಳುಗಾರನಲ್ಲ, ಒಮ್ಮೆಯಾದರೂ ಜನ ತನ್ನ ಮಾತನ್ನು ಕೇಳಲೆಂಬ ಹಂಬಲದವನು ಎಂದು ಅದೇ ವಯಸ್ಸಿನ ಒಂಬತ್ತನೆಯ ಸದಸ್ಯನು ಊಹಿಸುತ್ತಾನೆ. ಶಬ್ದಪ್ರಮಾಣಕ್ಕೆ ಆಪ್ತವಾಕ್ಯವಾಗಿರಬೇಕೆಂಬ ನಿಯಮವಿದೆಯಷ್ಟೆ. ಆಪ್ತತೆ ಕೆಡುವುದು ಕೇಡಿಗತನದಿಂದಲೇ ಅಲ್ಲ, ಒಂಟಿತನದಿಂದಲೂ ಹೌದು ಎಂಬ ಈ ಸೂಕ್ಷ್ಮಕ್ಕಾಗಿಯೇ ಚಿತ್ರವನ್ನು ಎರಡನೆಯ ಸಲ ನೋಡಬಹುದು.

ಇನ್ನು ದೋಷಗಳು. ಹತ್ಯೆಗೆ ಬಳಸಿದ ಚೂರಿ ಅಪೂರ್ವವಾದುದೆಂದು ಉಳಿದವರು ಹೇಳುತ್ತಿರುವಾಗ ಎಂಟನೆಯವನು ಅಂತಹುದೇ ಚೂರಿಯೊಂದನ್ನು ಜೇಬಿನಿಂದ ತೆಗೆದು ಮೇಜಿಗೆ ನಾಟುತ್ತಾನೆ. ಪ್ರೇಕ್ಷಕರು ರೋಮಾಂಚಿತರಾಗುವ ಸನ್ನಿವೇಶವಿದು. ಆದರೆ ನ್ಯಾಯದ ದೃಷ್ಟಿಯಿಂದ ಇದು ಘೋರ ಅಕ್ರಮ. ಸಭೆಯಲ್ಲಿ ಮಂಡಿತವಾಗದ, ಪ್ರತಿಪಕ್ಷದವರು ಪಾಟೀಸವಾಲು ಮಾಡಲಾಗದ ವಸ್ತುವನ್ನು ತೀರ್ಪುಗಾರನೇ ಹೊರಗಿನಿಂದ ತರುವಂತಿಲ್ಲ. ಇದೇ ಕೆಲಸವನ್ನು ಮೂರನೆಯ ಸದಸ್ಯನು ಹುಡುಗನ ವಿರುದ್ಧ ಮಾಡಿದ್ದರೆ ನಾವೆಲ್ಲ ಕೆರಳುತ್ತಿದ್ದೆವು. ಎಲ್ಲರ ನಂಬಿಕೆಯನ್ನೂ ಶಂಕಿಸಲು ಕಲಿಸುವ ಚಿತ್ರವು ತನ್ನ ನಾಯಕನನ್ನು ಶಂಕಿಸಲು ಮಾತ್ರ ಎಡೆಗೊಡುವುದಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಚೂರಿ, ಮುದುಕ, ರೈಲಿನಾಚೆಯಿಂದ ಕಂಡ ಹೆಂಗಸು, ನೋಡಿದ ಚಿತ್ರದ ಹೆಸರು ಹೇಳಲಾರದ ಹುಡುಗ: ಒಂದೊಂದು ಲಿಂಗವನ್ನೂ ಬಿಡಿಬಿಡಿಯಾಗಿ ದುರ್ಬಲಗೊಳಿಸಲಾಗುತ್ತದೆ. ಒಂದೊಂದು ನೂಲೂ ಹರಿಯಬಲ್ಲುದೆಂದ ಮಾತ್ರಕ್ಕೆ ಹೆಣೆದ ಹಗ್ಗ ಹರಿಯಬಲ್ಲುದೆ? ಅಷ್ಟೂ ಒಟ್ಟಿಗೆ ಕಾಕತಾಳೀಯವಾಗಿ ಕೂಡಿಬಂದುವೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯುವುದಿಲ್ಲ. ಹೆಂಗಸಿನ ಮೂಗಿನ ಮೇಲಿನ ಕನ್ನಡಕದ ಗುರುತಿನಿಂದ, ಆ ಕ್ಷಣದಲ್ಲಿ ಆಕೆ ಕನ್ನಡಕ ಧರಿಸಿರಲಿಲ್ಲವೆಂಬಲ್ಲಿಗೆ ಹೋಗುವ ಅನುಮಾನದಲ್ಲಿ ವ್ಯಾಪ್ತಿ ಬಹಳ ಸಡಿಲ.

ಮೂರನೆಯ ಸದಸ್ಯನು (ಲೀ ಜೆ. ಕಾಬ್ ಅವರ ಅಭಿನಯ ಅದ್ಭುತ) ಕೊನೆಗೆ ಮಣಿಯುವುದು ಯುಕ್ತಿಗಲ್ಲ, ತನ್ನನ್ನು ತೊರೆದ ಮಗನ ಭಾವಚಿತ್ರಕ್ಕೆ. ವಿರೋಧಿಯ ಮತವನ್ನು ಮನೋವ್ಯಥೆಯೆಂದು ತೋರಿಸಿ ಕೆಳಗಿಡುವುದು ನಾಟಕಕ್ಕೆ ಅನುಕೂಲ, ವಾದಕ್ಕೆ ನ್ಯಾಯವಲ್ಲ. ಹನ್ನೆರಡರಲ್ಲಿ ಒಬ್ಬ ಹೆಂಗಸಿಲ್ಲ, ಒಬ್ಬ ಕರಿಯನಿಲ್ಲ ಎಂಬುದನ್ನು ಆ ಕಾಲದ ಮಿತಿಯೆಂದು ಬಿಡಬಹುದು.

ಇಷ್ಟಾದರೂ ಚಿತ್ರಕರ್ತರಿಗೆ ತಮ್ಮ ತೊಡಕು ಗೊತ್ತಿರಲಿಲ್ಲವೆನ್ನಲಾಗದು. ವಿರಾಮದ ಹೊತ್ತಿನಲ್ಲಿ ಶೌಚಗೃಹದಲ್ಲಿ ಆರನೆಯ ಸದಸ್ಯನು, ಬಣ್ಣ ಬಳಿಯುವ ಕಸಬಿನ ಸಾಧು ಮನುಷ್ಯ, ಎಂಟನೆಯವನನ್ನು ಮೆಲ್ಲನೆ ಕೇಳುತ್ತಾನೆ: ನೀನು ನಮ್ಮೆಲ್ಲರನ್ನೂ ಒಪ್ಪಿಸಿಬಿಟ್ಟೆ, ಆದರೆ ಆ ಹುಡುಗನೇ ನಿಜವಾಗಿ ತಂದೆಯನ್ನು ಕೊಂದಿದ್ದರೆ? ಎಂಟನೆಯವನು ಉತ್ತರಿಸುವುದಿಲ್ಲ. ಕೇಳಿದವನು ಹೊರಟುಹೋಗುತ್ತಾನೆ.